ಮನೆಗಿಟ್ಟ ಕೋಳಿ

ಬೆಳಗಿನ ಚಹಾ ಆರುವುದರೊಳಗೆ ಕೋಳಿಗಳ ನೀರಿನ ತೊಟ್ಟಿಗೆ ಹಳದಿ ಪುಡಿ ಬೀಳಬೇಕು. ಮರಿಗಳು ಬಂದಿಳಿದ ದಿನದಿಂದ ಅವು ಬೆಳೆದು ಲಾರಿ ಹತ್ತುವವರೆಗೆ ಕೋಳಿಯಕ್ಕನಿಗೆ ಇದು ಮುಖ ತೊಳೆಯುವಷ್ಟೇ ರೂಢಿಯ ಕೆಲಸ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲು. ಕೋಲು ತಿರುಗಿದಂತೆ ತೊಟ್ಟಿಯ ನೀರು ಕಲಕಿ, ನಿಧಾನವಾಗಿ ಬಣ್ಣ ಕಟ್ಟುತ್ತಿತ್ತು. ಪುಡಿಯ ಡಬ್ಬದೊಂದಿಗೆ ಬಂದಿದ್ದ ಅಳತೆ ಚಮಚ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಈಗ ಕೈಯೇ ಅಳತೆ. ಶೆಡ್ಡಿನೊಳಗಿಂದ ಕೆಮ್ಮು ಕೇಳಿದರೆ ತುಂಬಿದ ಹಿಡಿ, ಕೇಳದಿದ್ದರೆ ಅರ್ಧ ಹಿಡಿ.

ಶೆಡ್ಡು ಮನೆಯ ಹಿಂದೆಯೇ ಇತ್ತು. ತಗಡಿನ ಮಾಡು, ಎರಡೂ ಬದಿಗೆ ತಂತಿ ಜಾಲರಿ, ಅದರ ಮೇಲೆ ಗೋಣಿಯ ಪರದೆ. ನೆಲಕ್ಕೆ ಹಾಸಿದ ಮರದ ಹೊಟ್ಟು ಹಿಕ್ಕೆಯೊಂದಿಗೆ ಕಲೆತು ಗಟ್ಟಿಯಾಗಿ, ಬಾಗಿಲು ತೆರೆದರೆ ಕಣ್ಣು ಉರಿಯುವಂಥ ಘಾಟು ಮುಖಕ್ಕೆ ಹೊಡೆಯುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೋಳಿಯಕ್ಕನಿಗೆ ಮಾತ್ರ ಆ ವಾಸನೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು.

ಅವಳ ಗಂಡ ಆ ಹೊತ್ತಿಗೆ ಹರಿದ ಜಾಲರಿಗೆ ತೇಪೆ ಹಾಕುತ್ತಿದ್ದ. ಮೊದಲು ಲಾರಿ ಓಡಿಸುತ್ತಿದ್ದವನು. ಬೆನ್ನು ಕೈಕೊಟ್ಟ ಮೇಲೆ ಸ್ಟೀರಿಂಗ್ ಬಿಟ್ಟು ಕೋಳಿಗಳ ಹಿಂದೆ ಬಿದ್ದಿದ್ದ.

"ಏನ್ರೀ, ಆಯ್ತಾ? ಚಹಾ ಆರಿಹೋಯ್ತು."

"ಈ ತಂತಿ ನನಗಿಂತ ಹಠಮಾರಿ ಕಣೇ."

"ನಿಮಗಿಂತ ಹಠಮಾರಿ ಇನ್ನೂ ಹುಟ್ಟಿಲ್ಲ ಬಿಡಿ."

ಅವಳ ಮಾತು ಮುಗಿಯುವುದರೊಳಗೆ ಎಳೆದು ಕಟ್ಟಿದ್ದ ತಂತಿ ಜಾರಿತು. ಅದರ ತುದಿ ಸೊಂಯ್ಯನೆ ಚಿಮ್ಮಿ ಅವನ ಕಣಕಾಲನ್ನು ಗೀರಿತು. ಗಾಯವೇನೂ ದೊಡ್ಡದಲ್ಲ. ಬೆರಳುದ್ದದ ಗೀರು, ಒಂದಿಷ್ಟು ರಕ್ತ. ಕೋಳಿಯಕ್ಕ ಅವನನ್ನು ನಲ್ಲಿಯ ಹತ್ತಿರ ಕೂರಿಸಿ ನೀರು ಸುರಿದಳು. ಆಮೇಲೆ ಬೆರಳಿಗೆ ಅಂಟಿದ್ದ ಹಳದಿ ಪುಡಿಯನ್ನೇ ಗಾಯದ ಮೇಲೆ ಉದುರಿಸಿದಳು.

"ಏ, ಅದು ಕೋಳಿ ಮದ್ದಲ್ವೇನೇ?"

"ಕೋಳಿಗೆ ನಾಟೋದು ನಿಮಗೆ ನಾಟಲ್ವಾ?"

"ನಾಟುತ್ತೆ, ನಾಟುತ್ತೆ. ನಾಳೆಯಿಂದ ಬೆಳಿಗ್ಗೆ ಎದ್ದು ಕೂಗ್ತೀನಿ, ನೋಡ್ತಿರು."

ಇಬ್ಬರೂ ನಕ್ಕರು. ಅವನು ಕುಂಟುತ್ತ ಹೋಗಿ ಆರಿದ ಚಹಾವನ್ನೇ ಕುಡಿದ.

ಗೀರು ಮೇಲುಮೇಲಕ್ಕೆ ಒಣಗಿತು, ಒಳಗೆ ಬಾತುಕೊಂಡಿತು. ಕಾಲು ಬಿಗಿಯಾಗಿ ಹೊಳೆಯತೊಡಗಿದಾಗ ಅವಳ ತಮ್ಮ ಮಾತ್ರೆ ತಂದುಕೊಟ್ಟ. ತಮ್ಮನದು ಪೇಟೆ ಬೀದಿಯಲ್ಲಿ ಕೋಳಿ ಆಹಾರ ಮತ್ತು ಔಷಧಿಯ ಅಂಗಡಿ. ತಾಯಿ ಹೋದ ಮೇಲೆ ಕೋಳಿಯಕ್ಕನೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಭಾವನ ಬೆನ್ನು ಕೆಟ್ಟಾಗ "ಕೋಳಿ ಸಾಕಿ, ನಾನಿದ್ದೀನಿ" ಎಂದು ಶೆಡ್ಡು ಕಟ್ಟಿಸಿ ನಿಲ್ಲಿಸಿದವನು ಅವನೇ. ಹಳದಿ ಪುಡಿಯೂ ಅವನ ಅಂಗಡಿಯದೇ. ಮಾತ್ರೆಯನ್ನು ಪಕ್ಕದ ಮೆಡಿಕಲ್‌ನವನಿಂದ ಕೇಳಿ ತಂದಿದ್ದ. ಚೀಟಿ ಗೀಟಿ ಏನಿಲ್ಲ, ಸ್ನೇಹದ ಮೇಲೆ ಕೊಟ್ಟದ್ದು.

ಮಾತ್ರೆ ಮೊದಲು ಕೆಲಸ ಮಾಡಿತು. ಬಾವು ಇಳಿಯಿತು, ಜ್ವರ ಬಿಟ್ಟಿತು. ಗಂಡ ಉಳಿದ ಮಾತ್ರೆಗಳನ್ನು ಕನ್ನಡಿಯ ಹಿಂದಿನ ಗೂಡಿನಲ್ಲಿಟ್ಟ.

"ವಾಸಿಯಾದ ಮೇಲೂ ನುಂಗೋದು ಯಾಕೆ? ಇರಲಿ, ಮುಂದೆ ಯಾವತ್ತಾದ್ರೂ ಬೇಕಾಗುತ್ತೆ."

ಮುಂದೆ ಎಂಬುದು ದೂರವಿರಲಿಲ್ಲ. ಮರುವಾರವೇ ಕಾಲು ಕಂಬದಂತೆ ಊದಿಕೊಂಡಿತು. ಮೈ ಕಾದ ಹಂಚಿನಂತಾಗಿ, ಅವನು ಎಂದೋ ಬಿಟ್ಟ ಲಾರಿಗೆ ಬ್ರೇಕು ಹಾಕು ಎಂದು ಕನವರಿಸತೊಡಗಿದ. ಗೂಡಿನ ಮಾತ್ರೆಗಳೆಲ್ಲ ಹೊಟ್ಟೆಗೆ ಹೋದರೂ ಏನೂ ನಡೆಯಲಿಲ್ಲ. ತಮ್ಮ ತನ್ನ ವ್ಯಾನು ತಂದು ಭಾವನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ.

ಆಸ್ಪತ್ರೆಯ ದಿನಗಳು ಕೋಳಿಯಕ್ಕನಿಗೆ ಒಂದರೊಳಗೊಂದು ಕಲಸಿಹೋದವು. ಬೆಳಿಗ್ಗೆ ಶೆಡ್ಡಿನ ಕೆಲಸ ಮುಗಿಸಿ ಬಸ್ಸು ಹಿಡಿಯುವುದು. ಮಧ್ಯಾಹ್ನವೆಲ್ಲ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರುವುದು, ಕರೆದಾಗ ಓಡುವುದು, ಸಂಜೆ ತಮ್ಮನನ್ನು ಅಲ್ಲಿ ಕೂರಿಸಿ ಮತ್ತೆ ಕೋಳಿಗಳ ಹತ್ತಿರ ಬರುವುದು. ಬಸ್ಸಿನಲ್ಲಿ ನಿಂತೇ ನಿದ್ದೆ ಹೋಗುವುದನ್ನು ಅವಳು ಆಗ ಕಲಿತಳು. ಅವಳಿಲ್ಲದ ಹೊತ್ತಿನಲ್ಲಿ ಶೆಡ್ಡಿನಲ್ಲಿ ಕೆಮ್ಮು ಹೆಚ್ಚಾಗಿತ್ತು. ನೋಡುವವರಿಲ್ಲದೆ ಹೊಟ್ಟು ಒದ್ದೆಯಾಗಿತ್ತು. "ಪುಡಿ ಜಾಸ್ತಿ ಹಾಕಿಬಿಡಕ್ಕಾ, ನಿನಗೂ ಒಂದು ಚಿಂತೆ ಕಡಿಮೆ" ಎಂದ ತಮ್ಮ. ಅವಳು ಎರಡು ಹಿಡಿ ಹಾಕಿದಳು.

ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಮೊದಲ ದಿನವೇ ಆಕೆ ಪೆನ್ನು ತೆಗೆದು ಗಂಡನ ಕಾಲಿನ ಮೇಲೆ ಕೆಂಪು ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಗೆ ಒಂದು ಗೆರೆ ಎಳೆದಿದ್ದಳು. "ಇದು ಗೆರೆ ದಾಟಬಾರದು" ಎಂದಿದ್ದಳು. ಇಂಜೆಕ್ಷನ್ ಬಿತ್ತು, ಬಾಟಲಿ ಏರಿತು, ಆದರೂ ಕೆಂಪು ಗೆರೆ ದಾಟಿತು. ಇನ್ನೊಂದು ಇಂಜೆಕ್ಷನ್, ಇನ್ನೊಂದು ಗೆರೆ. ಅದನ್ನೂ ದಾಟಿತು. ಕೋಳಿಯಕ್ಕ ವಾರ್ಡಿಗೆ ಬಂದವಳೇ ಗಂಡನ ಮುಖ ನೋಡುವ ಮೊದಲು ಹೊದಿಕೆ ಸರಿಸಿ ಗೆರೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಡಾಕ್ಟರು ಅವಳನ್ನು ತನ್ನ ಕೋಣೆಗೆ ಕರೆಸಿದಳು. ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು ಹಾಗೇ ಇತ್ತು.

"ಕೂತ್ಕೊಳ್ಳಿ ಅಮ್ಮ. ನಿಮ್ಮ ಯಜಮಾನರ ಗಾಯದ ಕೀವು ಪರೀಕ್ಷೆಗೆ ಕಳಿಸಿದ್ವಿ. ಅದರಲ್ಲಿರೋ ಕ್ರಿಮಿ ನಾವು ಕೊಡ್ತಾ ಇದ್ದ ಯಾವ ಔಷಧಿಗೂ ಸಾಯ್ತಾ ಇಲ್ಲ. ಮನೇಲಿ ಏನು ಕೆಲಸ ನಿಮ್ಮದು?"

"ಕೋಳಿ ಸಾಕ್ತೀವಿ ಡಾಕ್ಟರೇ."

"ಕೋಳಿಗೆ ಏನು ಔಷಧಿ ಹಾಕ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೋಳಿಯಕ್ಕ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆಮೇಲೆ ಹಳದಿ ಪುಡಿಯ ಹೆಸರು ಹೇಳಿದಳು. ಆಹಾರದಲ್ಲೇ ಬೆರೆತು ಬರುವ, ತೂಕ ಹೆಚ್ಚಿಸುವ ಪುಡಿಯ ಹೆಸರನ್ನೂ ಹೇಳಿದಳು. ಡಾಕ್ಟರು ಆಶ್ಚರ್ಯಪಡಲಿಲ್ಲ. ಬಯ್ಯಲೂ ಇಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಕಾಯಿಲೆ ಬಂದ ಕೋಳಿಗಾ, ಎಲ್ಲದಕ್ಕೂನಾ?"

"ಎಲ್ಲದಕ್ಕೂ. ದಿನಾ. ಕಾಯಿಲೆ ಬರದೇ ಇರಲಿ ಅಂತ."

"ನೀವು ಕೋಳಿಗೆ ಹಾಕೋದೂ ನಾನು ಇವರಿಗೆ ಕೊಟ್ಟಿದ್ದೂ ಒಂದೇ ಮನೆತನದ ಔಷಧಿ ಅಮ್ಮ. ದಿನಾ ಅಷ್ಟಷ್ಟೇ ಹಾಕಿದ್ರೆ ಬಡಪಾಯಿ ಕ್ರಿಮಿಗಳೆಲ್ಲ ಸಾಯ್ತವೆ, ಗಟ್ಟಿಪಿಂಡಗಳು ಉಳ್ಕೊಳ್ತವೆ. ಆಮೇಲೆ ಉಳಿದವುಗಳದ್ದೇ ಸಂತಾನ. ಹೊಟ್ಟಲ್ಲಿ, ಧೂಳಲ್ಲಿ, ನೀರಲ್ಲಿ, ಮಾಂಸದ ಮೇಲೆ, ನಮ್ಮ ಕೈ ಮೇಲೆ, ಎಲ್ಲಾ ಕಡೆ ಅವೇ ಓಡಾಡ್ತವೆ."

"ಅವರ ಮೈಗೆ ಔಷಧಿ ಒಗ್ಗಿಹೋಗಿದೆ ಅಂತಾನಾ?"

"ಅವರ ಮೈಗೇನೂ ಒಗ್ಗಿಲ್ಲ. ಕ್ರಿಮಿಗೆ ಒಗ್ಗಿಹೋಗಿದೆ."

ಕೋಳಿಯಕ್ಕ ಸೆರಗಿನಿಂದ ಬೆರಳುಗಳನ್ನು ಹೊರಗೆ ತೆಗೆದು ನೋಡಿಕೊಂಡಳು. "ಹಾಗಾದ್ರೆ ನನ್ನ ಕೈಯಾರೆ ಆಯ್ತಾ ಡಾಕ್ಟರೇ? ಗಾಯದ ಮೇಲೆ ಆ ಪುಡೀನೇ ಉದುರಿಸಿದ್ದೆ."

"ಹಾಗಂತ ನಾನು ಎದೆ ತಟ್ಟಿ ಹೇಳಲಾರೆ. ಈ ಕ್ರಿಮಿ ನಿಮ್ಮ ಶೆಡ್ಡಿಂದೇ ಬಂತು ಅನ್ನೋಕೆ ನನ್ನ ಹತ್ರ ಸಾಕ್ಷಿ ಇಲ್ಲ. ಅರ್ಧಕ್ಕೆ ಬಿಟ್ಟ ಮಾತ್ರೆ ಇದೆ, ಈ ಆಸ್ಪತ್ರೆಯ ಹಾಸಿಗೆಗಳಿವೆ. ನಮ್ಮವರೂ ನೆಗಡಿ ಅಂತ ಬಂದೋರಿಗೆಲ್ಲ ಇದನ್ನೇ ಬರೆದುಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೀನಿ. ಎಲ್ಲರ ಪಾಲೂ ಇದೆ, ಬಿಡಿ. ಈಗ ಉಳಿದಿರೋದು ಒಂದು ಹಳೇ ಔಷಧಿ. ಮೂತ್ರಪಿಂಡಕ್ಕೆ ಕೆಟ್ಟದ್ದು, ಅದಕ್ಕೇ ಬೇಗ ಮುಟ್ಟಲ್ಲ. ಕೊಳೆತ ಮಾಂಸಾನೂ ತೆಗೀಬೇಕಾಗುತ್ತೆ. ಕಾಲು ಉಳಿಸೋಕೆ ನೋಡ್ತೀನಿ."

ಆಕೆಯ ದನಿಯಲ್ಲಿ ಧೈರ್ಯ ಹೇಳುವಷ್ಟು ಕಸುವು ಉಳಿದಿರಲಿಲ್ಲ. ಆ ದಣಿವೇ ಕೋಳಿಯಕ್ಕನಿಗೆ ನಂಬಿಕೆ ತಂದಿತು. ಸುಳ್ಳು ಹೇಳುವವರು ಇಷ್ಟು ದಣಿದಿರುವುದಿಲ್ಲ ಎಂದುಕೊಂಡಳು.

ಸಂಜೆ ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಅವಳು ತಮ್ಮನಿಗೆ ಎಲ್ಲ ಹೇಳಿದಳು. ಅವನು ಲೋಟ ಕೆಳಗಿಟ್ಟ.

"ಅಂದ್ರೆ ಭಾವನ ಕಾಲು ನಾನು ಕೆಡಿಸಿದೆ ಅಂತಾನಾ?"

"ಯಾರು ಹಾಗಂದ್ರು? ಪುಡಿ ಹಾಕಿದ್ದು ನನ್ನ ಕೈ."

"ಅಕ್ಕಾ, ಡಾಕ್ಟರಿಗೇನು, ಹೇಳ್ತಾರೆ. ಶೆಡ್ಡಲ್ಲಿ ಒಂದು ಕೋಳಿ ಸೀನಿದ್ರೆ ಬೆಳಗಾಗೋದ್ರಲ್ಲಿ ಸಾಲಾಗಿ ಮಲಗಿರ್ತವೆ. ಆವಾಗ ಬರ್ತಾರಾ ಅವರು? ನನ್ನ ಅಂಗಡಿಗೆ ಬರೋರು ಅತ್ತುಕೊಂಡು ಬರ್ತಾರೆ ಅಕ್ಕಾ, ನಕ್ಕೊಂಡು ಬರಲ್ಲ. ಏನಾದ್ರೂ ಕೊಡಪ್ಪಾ ಅಂತಾರೆ. ಕೊಡ್ತೀನಿ. ನಾನು ಕೊಡದಿದ್ರೆ ಪಕ್ಕದ ಅಂಗಡಿಯವನು ಕೊಡ್ತಾನೆ."

"ಅದೂ ನಿಜಾನೇ."

"ಇಡೀ ಲೋಕ ಹಾಕ್ತಾ ಇದೆ. ನೀನೊಬ್ಬಳು ಬಿಟ್ರೆ ಏನಾಗುತ್ತೆ?"

ಅವಳಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ತಮ್ಮನ ಅಂಗಿ ಭುಜದ ಹತ್ತಿರ ಸುಕ್ಕಾಗಿತ್ತು. ಹಿಂದಿನ ರಾತ್ರಿಯೆಲ್ಲ ಭಾವನ ಮಂಚದ ಕಂಬಿಗೆ ಒರಗಿ ಕೂತಿದ್ದವನು ಅವನೇ. ಇಂಥವನನ್ನು ಯಾವ ಬಾಯಲ್ಲಿ ಬಯ್ಯುವುದು?

"ಚಹಾ ಕುಡಿ, ಆರುತ್ತೆ" ಎಂದಳು.

ಮರುದಿನ ಬೆಳಿಗ್ಗೆ ಅವಳು ತೊಟ್ಟಿಗೆ ಪುಡಿ ಹಾಕಲಿಲ್ಲ. ದೊಡ್ಡ ನಿರ್ಧಾರ ಮಾಡಿದವಳಂತೆ ಏನೂ ಅನ್ನಿಸಲಿಲ್ಲ. ಡಬ್ಬದ ಮುಚ್ಚಳ ತೆಗೆಯಲು ಕೈ ಏಳಲಿಲ್ಲ, ಅಷ್ಟೆ.

ಗಂಡ ಬದುಕಿದ. ಹಳೇ ಔಷಧಿ ಕೊನೆಗೂ ಕೆಂಪನ್ನು ಗೆರೆಯ ಒಳಗೆ ತಡೆಯಿತು. ಕಾಲು ಉಳಿಯಿತು, ಮೀನಖಂಡದ ಅರ್ಧ ಹೋಯಿತು. ಎರಡು ಸಲ ಕತ್ತರಿಸಿ ತೆಗೆದು, ತೊಡೆಯ ಚರ್ಮವನ್ನು ತಂದು ಅಲ್ಲಿಗೆ ಹಚ್ಚಿದ್ದರು. ಮನೆಗೆ ಬಂದವನು ಸೊರಗಿಹೋಗಿದ್ದ, ಬಾಯಿ ಕಹಿಯಾಗಿತ್ತು, ಮಾತೂ ಹಾಗೇ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಶೆಡ್ಡಿನ ಕಡೆ ನೋಡುತ್ತ ಕೂರುತ್ತಿದ್ದ. ತಮಾಷೆಯ ಮನುಷ್ಯ ಈಗ ನೊಣದ ಮೇಲೂ ರೇಗುತ್ತಿದ್ದ.

ಕೋಳಿಗಳು ತೂಕಕ್ಕೆ ಬಂದಿದ್ದವು. ಕೋಳಿಯಕ್ಕ ಈ ನಡುವೆ ಸರ್ಕಾರಿ ಪಶುವೈದ್ಯರನ್ನು ಹುಡುಕಿಕೊಂಡು ಹೋಗಿ ಕೇಳಿ ಬಂದಿದ್ದಳು. ಮದ್ದು ನಿಲ್ಲಿಸಿದ ಮೇಲೆ ಅದರ ಅಂಶ ಮಾಂಸದಿಂದ ಇಳಿದುಹೋಗಲು ಕೆಲವು ದಿನ ಬಿಡಬೇಕು, ಅಲ್ಲಿಯವರೆಗೆ ಮಾರಬಾರದು ಎಂದು ಅವರು ಹೇಳಿದ್ದರು. ಕ್ರಿಮಿಗಳ ಮಾತು ಬೇರೆ. ಅವು ಹೋಗಬೇಕಾದರೆ ಶೆಡ್ಡು ಖಾಲಿಯಾಗಿ, ತೊಳೆದು, ಒಣಗಬೇಕು ಎಂದೂ ಹೇಳಿದ್ದರು. "ಇದನ್ನೆಲ್ಲ ಕೇಳೋಕೆ ಬಂದವರಲ್ಲಿ ನೀವೇ ಮೊದಲು" ಎಂದು ಅವರು ಬೇಸರದಿಂದಲೋ ಸಂತೋಷದಿಂದಲೋ ನಕ್ಕಿದ್ದರು.

ಆಹಾರದಲ್ಲಿ ಬೆರೆತು ಬರುವ ತೂಕದ ಪುಡಿಯನ್ನು ಅವಳು ನಿಲ್ಲಿಸಿದ್ದು ಆಮೇಲೆಯೇ, ಹಾಗಾಗಿ ಆ ದಿನಗಳು ಇನ್ನೂ ಕಳೆದಿರಲಿಲ್ಲ. ಅಷ್ಟರಲ್ಲೇ ಲಾರಿ ಬಂತು.

ಕೋಳಿ ಕೊಳ್ಳುವವನನ್ನು ಎಲ್ಲರೂ ತಕ್ಕಡಿಯಣ್ಣ ಎನ್ನುತ್ತಿದ್ದರು. ತೂಕದಲ್ಲಿ ಒಂದು ಗರಿಯಷ್ಟೂ ಮೋಸ ಮಾಡದವನು, ಆ ಮಾತನ್ನು ತಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುವವನು. ಅವನು ಲಾರಿಯಿಂದ ಇಳಿದು, ಗಂಡನ ಕಾಲು ನೋಡಿ ಮರುಗಿ, ಆಸ್ಪತ್ರೆಯ ಕಥೆ ಕೇಳಿ, ಕೊನೆಗೆ ಖಾಲಿ ಬುಟ್ಟಿಗಳನ್ನು ಇಳಿಸಲು ಹೇಳಿದ.

"ಇವತ್ತು ಬೇಡ ಅಣ್ಣಾ. ಮುಂದಿನ ವಾರ ಬನ್ನಿ" ಎಂದಳು ಕೋಳಿಯಕ್ಕ.

"ಯಾಕಕ್ಕಾ? ಕೋಳಿ ಚೆನ್ನಾಗಿ ತುಂಬ್ಕೊಂಡಿವೆಯಲ್ಲ."

"ಮದ್ದು ಹಾಕಿದ್ದೆ. ಇನ್ನೂ ಮೈಯಿಂದ ಇಳಿದಿಲ್ಲ."

ತಕ್ಕಡಿಯಣ್ಣ ಅರ್ಥವಾಗದವನಂತೆ ಗಂಡನ ಕಡೆ ತಿರುಗಿದ. "ಇದೇನು ಭಾವ, ಹೊಸ ರಾಗ? ಇಷ್ಟು ವರ್ಷ ಮದ್ದಿಲ್ಲದ ಕೋಳಿ ನಾನು ಯಾವತ್ತು ತುಂಬಿದ್ದೀನಿ? ಯಾರ ಹತ್ರ ತುಂಬಿದ್ದೀನಿ?"

ಗಂಡ ಹೆಂಡತಿಯ ಮೇಲೆ ರೇಗಿದ. "ನಿನಗೇನು ತಲೆ ಕೆಟ್ಟಿದ್ಯಾ? ಕಾಲಂತೂ ಹೋಯ್ತು, ಕೋಳಿನೂ ಹೋಗ್ಲಾ? ಒಂದು ವಾರ ಅವು ತಿನ್ನೋದು ಗಾಳೀನಾ? ತುಂಬಿಸಿ ಕಳಿಸು."

"ಡಾಕ್ಟರು ಏನಂದ್ರು ಗೊತ್ತಲ್ಲ ನಿಮಗೆ."

"ಗೊತ್ತು. ಕೇಳಿ ಕೇಳಿ ಸಾಕಾಗಿದೆ. ನಮ್ಮದೊಂದು ಲಾರಿಯಿಂದ ಲೋಕ ಹಾಳಾಗಲ್ಲ."

"ಭಾವ ಹೇಳಿದ್ದು ಸರಿ" ಎಂದ ತಕ್ಕಡಿಯಣ್ಣ. "ಬೇಯಿಸಿದ್ರೆ ಎಲ್ಲಾ ಸತ್ತುಹೋಗುತ್ತೆ ಅಕ್ಕಾ. ಇಷ್ಟು ಜನ ತಿಂತಾರೆ, ಯಾರಿಗೆ ಏನಾಗಿದೆ?"

ಕೋಳಿಯಕ್ಕ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಒಂದು ಕಡೆ ಗಂಡ, ಇನ್ನೊಂದು ಕಡೆ ಇಷ್ಟು ವರ್ಷ ನಡೆಸಿಕೊಂಡು ಬಂದ ವ್ಯಾಪಾರಿ. ಅವಳಿಗೆ ಸುಸ್ತಾಗಿತ್ತು. ಬಸ್ಸಿನ ಸುಸ್ತು, ಬೆಂಚಿನ ಸುಸ್ತು, ತಿಂಗಳಿಂದ ಸರಿಯಾಗಿ ಮಲಗದ ಸುಸ್ತು. ಹೂಂ ಎಂದುಬಿಟ್ಟರೆ ಮುಗಿಯಿತು, ಹೋಗಿ ಮಲಗಬಹುದು. ಅವಳ ಕೈ ಅಗುಳಿಯ ಕಡೆ ಹೋಗಿಯೂ ಹೋಯಿತು.

ಅವಳು ಸೋತಳೆಂದು ತಿಳಿದ ತಕ್ಕಡಿಯಣ್ಣ ಹಗುರಾದ. ಆಳುಗಳಿಗೆ ಬುಟ್ಟಿ ಇಳಿಸಲು ಸನ್ನೆ ಮಾಡಿ, ಮನೆಯವನ ಸಲಿಗೆಯಲ್ಲಿ ದನಿ ತಗ್ಗಿಸಿದ.

"ಅಕ್ಕಾ, ಇನ್ನೊಂದು ಮಾತು. ನನ್ನ ಮಗಳು ಬಸುರಿ. ಅವಳಿಗೆ ಅಂತ ಎರಡು ಕೋಳಿ ಬೇಕಿತ್ತು. ಈ ಶೆಡ್ಡಿನವಲ್ಲ, ಹಿತ್ತಲಲ್ಲಿ ನೀವು ಮನೆಗೆ ಅಂತ ಬೇರೆ ಇಟ್ಟಿರ್ತೀರಲ್ಲ, ಅದರಲ್ಲಿ."

ಹಿತ್ತಲಿನ ಪುಟ್ಟ ಗೂಡಿನಲ್ಲಿ ಒಂದಷ್ಟು ಕೋಳಿಗಳು ಎಂದೂ ಇರುತ್ತಿದ್ದವು. ಅವಕ್ಕೆ ಪುಡಿ ಬೀಳುತ್ತಿರಲಿಲ್ಲ, ತೂಕದ ಆಹಾರವೂ ಇಲ್ಲ. ಮನೆಯವರು ತಿನ್ನುತ್ತಿದ್ದುದು ಅವನ್ನೇ. ಕೋಳಿಯಕ್ಕನ ಮನೆಯಲ್ಲಷ್ಟೇ ಹೀಗಿರಲಿಲ್ಲ, ಶೆಡ್ಡು ಇದ್ದ ಎಲ್ಲ ಮನೆಗಳಲ್ಲೂ ಹಾಗೇ. ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಡದೆಯೂ ಎಲ್ಲರಿಗೂ ಗೊತ್ತಿತ್ತು.

ಗಂಡ ಕುರ್ಚಿಯ ಕೈಗಳನ್ನು ಹಿಡಿದು ನಿಧಾನವಾಗಿ ನೆಟ್ಟಗೆ ಕೂತ.

"ಯಾಕಪ್ಪಾ ತಕ್ಕಡಿಯಣ್ಣ" ಎಂದ. "ಲಾರಿಗೆ ತುಂಬ್ತಾ ಇದ್ದೀಯಲ್ಲ, ಅದರಲ್ಲೇ ಎರಡು ಮಗಳಿಗೆ ತಗೊಂಡು ಹೋಗು. ಚೆನ್ನಾಗಿ ತುಂಬ್ಕೊಂಡಿವೆ ಅಂದ್ಯಲ್ಲ."

"ಅದು... ಅದು ಬೇರೆ ವಿಷಯ ಭಾವ. ಬಸುರಿ ಹೆಂಗಸು..."

"ಈ ಲಾರಿ ಕೋಳಿ ತಿನ್ನೋ ಮನೆಗಳಲ್ಲಿ ಬಸುರಿಯರು ಇರಲ್ವಾ?"

ತಕ್ಕಡಿಯಣ್ಣ ಲಾರಿಯ ಕಡೆ ಮುಖ ತಿರುಗಿಸಿದ. ಗಂಡನ ಕಣ್ಣು ಸ್ಟೂಲಿನ ಮೇಲಿದ್ದ ತನ್ನ ಕಾಲಿನ ಮೇಲಿತ್ತು.

"ನಿನ್ನನ್ನ ಬಯ್ಯೋಕೆ ನನಗೇನು ಹಕ್ಕಿದೆ? ಹಿತ್ತಲಲ್ಲಿ ಗೂಡು ಕಟ್ಟಿದವನು ನಾನು. ನಾವು ತಿನ್ನೋದನ್ನ ಬೇರೆ ಇಟ್ರೆ ನಾವು ಗೆದ್ವಿ ಅಂದ್ಕೊಂಡಿದ್ದೆ. ಕ್ರಿಮಿ ಆ ಗೂಡಿನ ಬಾಗಿಲು ಕೇಳ್ಕೊಂಡು ಬರಲಿಲ್ಲ, ತಂತಿ ತುದೀಲಿ ಬಂತು." ಅವನು ಉಸಿರು ಬಿಟ್ಟ. "ಲಾರಿ ತಿರುಗಿಸಪ್ಪಾ. ಮುಂದಿನ ವಾರ ಬರೋದಾದ್ರೆ ಬಾ."

ಕೋಳಿಯಕ್ಕ ಅಗುಳಿಯಿಂದ ಕೈ ತೆಗೆದಳು. ಆಳುಗಳು ಖಾಲಿ ಬುಟ್ಟಿಗಳನ್ನು ಮತ್ತೆ ಮೇಲಕ್ಕೆ ಎತ್ತಿಟ್ಟರು. ತಕ್ಕಡಿಯಣ್ಣನ ಮುಖ ಸಣ್ಣಗಾಗಿತ್ತು. ಅವನು ಲಾರಿಯ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಅವಳು ಹಿತ್ತಲಿನಿಂದ ಎರಡು ಕೋಳಿಗಳನ್ನು ಕಾಲು ಕಟ್ಟಿ ತಂದಳು.

"ಬೇಡ ಅಕ್ಕಾ, ಹೋಗ್ಲಿ ಬಿಡಿ."

"ಹುಡುಗಿ ಏನು ಮಾಡಿದ್ದಾಳೆ ಪಾಪ? ತಗೊಳ್ಳಿ. ಚೆನ್ನಾಗಿ ಬೇಯಿಸೋಕೆ ಹೇಳಿ. ಕೊಯ್ದ ಹಲಗೆ, ಚಾಕು, ಕೈ, ಎಲ್ಲ ಸೋಪು ಹಾಕಿ ತೊಳೀಬೇಕು. ಇವೂ ಇದೇ ಮಣ್ಣಲ್ಲಿ ಕೆರೆದ ಕೋಳಿಗಳೇ, ಮರೀಬೇಡಿ."

ಮುಂದಿನ ವಾರ ತಕ್ಕಡಿಯಣ್ಣ ಬರಲಿಲ್ಲ. ಇನ್ನೊಬ್ಬ ಬಂದ, ಕೋಳಿ ಬಲಿತುಹೋಗಿವೆ ಎಂದು ಗೊಣಗುತ್ತ ಕಡಿಮೆ ಬೆಲೆಗೆ ಒಯ್ದ. ಶೆಡ್ಡು ಖಾಲಿಯಾಯಿತು. ಗಟ್ಟಿಯಾದ ಹೊಟ್ಟನ್ನು ಕೆತ್ತಿ ತೆಗೆದು, ನೆಲ ತೊಳೆದು, ಸುಣ್ಣ ಬಳಿದು, ಪರದೆಗಳನ್ನೆಲ್ಲ ಎತ್ತಿಕಟ್ಟಿ ಬಿಸಿಲಿಗೆ ಬಿಟ್ಟರು. ತೊಟ್ಟಿಕ್ಕುವ ನೀರಿನಂತೆ ದಿನಗಳು ನಿಧಾನವಾಗಿ ಇಳಿದವು. ಕೋಳಿಗಳಿಲ್ಲದ ಮನೆ ಅವಳಿಗೆ ವಿಚಿತ್ರವಾಗಿ ಕೇಳಿಸುತ್ತಿತ್ತು. ಶೆಡ್ಡಿನ ಬಾಗಿಲು ತೆರೆದಾಗ ಎಷ್ಟೋ ಕಾಲದ ಮೇಲೆ ಅವಳ ಮೂಗಿಗೆ ಒಂದು ವಾಸನೆ ಬಂತು, ಸುಣ್ಣದ್ದು.

ಹೊಸ ಮರಿಗಳನ್ನು ಕಡಿಮೆ ತಂದರು. ಒತ್ತೊತ್ತಾಗಿ ತುಂಬಿದರೆ ಕಾಯಿಲೆ ಕರೆದು ಕೂರಿಸಿದಂತೆ ಎಂದು ಪಶುವೈದ್ಯರು ಹೇಳಿದ್ದರು. ಹಾಗಿದ್ದೂ ಕೆಮ್ಮು ಬಂತು. ಸೀನು ಬಂತು. ಒಂದು ಬೆಳಿಗ್ಗೆ ಕೆಲವು ಮರಿಗಳು ಮೂಲೆಯಲ್ಲಿ ಕಾಲು ಚಾಚಿ ಬಿದ್ದಿದ್ದವು. ಕೋಳಿಯಕ್ಕ ಅವನ್ನು ಬಕೆಟ್ಟಿಗೆ ಹಾಕಿ ಗುಂಡಿಯ ಹತ್ತಿರ ಒಯ್ದು, ಸುಣ್ಣ ಹಾಕಿ ಮುಚ್ಚಿದಳು. ಅವಳಿಗೆ ಅಳು ಬರಲಿಲ್ಲ. ಆದರೆ ಸಲಿಕೆಯನ್ನು ನೆಲಕ್ಕೆ ಊರಿ, ಅದರ ಹಿಡಿಗೆ ಹಣೆಯಿಟ್ಟು ಬಹಳ ಹೊತ್ತು ನಿಂತಳು. ಪಶುವೈದ್ಯರು ಬಂದು ನೋಡಿ, ನೀರಿನ ಪೈಪು ಸೋರಿ ಒಂದು ಕಡೆ ಹೊಟ್ಟು ನೆನೆದಿದೆ, ಅಲ್ಲಿಯ ಘಾಟಿಗೆ ಮರಿಗಳಿಗೆ ಉಸಿರು ಕಟ್ಟುತ್ತಿದೆ, ಅದನ್ನು ಮೊದಲು ತೆಗೆಯಿರಿ, ಔಷಧಿ ಬೇಕಾದರೆ ಆಮೇಲೆ ನೋಡೋಣ ಎಂದು ಹೇಳಿ ಹೋದರು.

ಅವಳು ಹೊಟ್ಟು ತೆಗೆಯುತ್ತಿರುವಾಗ ತಮ್ಮ ಬಂದ. ಅಂಗಡಿಯಿಂದ ನೇರವಾಗಿ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬೂಟು. ಮರಿಗಳು ಸತ್ತ ಸುದ್ದಿ ಭಾವ ಫೋನು ಮಾಡಿ ಹೇಳಿದ್ದನಂತೆ. ಅವನು ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದ. ಒಳಗೆ ಅಲ್ಲೊಂದು ಇಲ್ಲೊಂದು ಮರಿ ಸೀನುತ್ತಿತ್ತು. ಅವನ ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಏನಿದೆ ಎಂಬುದು ಅವಳಿಗೆ ನೋಡದೆಯೇ ತಿಳಿಯಿತು. ಇನ್ನೊಂದು ವಾದಕ್ಕೆ ಅವಳ ಬಳಿ ಉಸಿರಿರಲಿಲ್ಲ. ಬಗ್ಗಿ ಇನ್ನೊಂದು ಸಲಿಕೆ ಹೊಟ್ಟು ಎತ್ತಿ ಬುಟ್ಟಿಗೆ ಹಾಕಿದಳು.

ತಮ್ಮ ಜೇಬಿನಿಂದ ಕೈಯನ್ನು ಬರಿದಾಗಿಯೇ ತೆಗೆದ. ಬೂಟು ಬಿಚ್ಚಿ ಹೊರಗಿಟ್ಟು, ಅಲ್ಲೇ ಇದ್ದ ರಬ್ಬರಿನ ಬೂಟುಗಳಿಗೆ ಕಾಲು ತೂರಿಸಿದ. ಅವು ಭಾವನವು, ಅವನಿಗೆ ದೊಡ್ಡವಾಗಿದ್ದವು.

"ಕೊಡಕ್ಕಾ ಇಲ್ಲಿ."

"ಅಂಗಿ ಹಾಳಾಗುತ್ತೆ ಕಣೋ."

"ಕೊಡು ಅಂದ್ನಲ್ಲ."

ಅವಳು ಸಲಿಕೆ ಕೊಟ್ಟು ಪರದೆಯ ಹಗ್ಗ ಎಳೆಯಲು ಹೋದಳು. ಗೋಣಿ ಮೇಲೇರಿದಂತೆ ಹೊರಗಿನ ಗಾಳಿ ಒಳಗೆ ಬಂತು. ತಮ್ಮ ನಾಲ್ಕಾರು ಸಲಿಕೆ ಹೊಟ್ಟು ಎತ್ತಿ ಹಾಕಿದ. ಆಮೇಲೆ ತಲೆ ಎತ್ತದೆಯೇ ಹೇಳಿದ:

"ಅಂಗಡೀಲಿ ಪುಡಿ ಇನ್ನೂ ಇದೆ ಅಕ್ಕಾ. ಮಾರೋದು ಬಿಟ್ಟಿದ್ದೀನಿ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಪಶುವೈದ್ಯರ ಚೀಟಿ ತನ್ನಿ ಅಂತೀನಿ. ಚೀಟಿ ಅಂದ ಕೂಡಲೇ ಅರ್ಧ ಜನ ಪಕ್ಕದ ಅಂಗಡಿಗೆ ಹೋಗ್ತಾರೆ."

"ಇನ್ನರ್ಧ?"

"ಬೈಕೊಂಡು ಚೀಟಿ ತರ್ತಾರೆ."

ಅಂಗಳದ ಕುರ್ಚಿಯಿಂದ ಗಂಡನ ದನಿ ಬಂತು. "ಏ ಭಾವಮೈದ, ಸಲಿಕೆ ಹಿಡಿಯೋದು ಹಾಗಲ್ಲ ಕಣೋ, ನಿನ್ನ ಅಂಗಡಿ ತಕ್ಕಡಿ ಹಿಡಿದ ಹಾಗೆ ಹಿಡೀತೀಯಲ್ಲೋ! ಸೊಂಟ ಬಗ್ಗಿಸು!"

ಆಸ್ಪತ್ರೆಯಿಂದ ಬಂದ ಮೇಲೆ ಅವನು ಹೀಗೆ ಕೂಗಿ ಮಾತಾಡಿದ್ದು ಇದೇ ಮೊದಲು. ಕೋಳಿಯಕ್ಕ ಹಗ್ಗವನ್ನು ಮೊಳೆಗೆ ಸುತ್ತಿ ಕಟ್ಟಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಮೂಲೆಯಲ್ಲಿದ್ದ ಇನ್ನೊಂದು ಸಲಿಕೆ ತೆಗೆದುಕೊಂಡು ತಮ್ಮನ ಪಕ್ಕಕ್ಕೆ ಹೋಗಿ ನಿಂತಳು. ನೆನೆದ ಹೊಟ್ಟು ಇನ್ನೂ ಅರ್ಧ ಶೆಡ್ಡಿನಷ್ಟಿತ್ತು.